ಗೋಡೆಯ ಗೀಟು, ಚೆಂಡಿನ ದಾರಿ

ಮೊದಲ ದಿನ ನಮಗೆ ಸಿಕ್ಕಿದ ಅಂಕಿ 90. ಗಂಟೆಗೆ 90 ಕಿಲೋಮೀಟರ್.

ಅಕ್ಕನ ಮಗಳು ಶಾಲೆಯ ಸಾಫ್ಟ್‌ಬಾಲ್ ತಂಡದಲ್ಲಿ ಚೆಂಡೆಸೆಯುವವಳು. ಮಂಗಳೂರಿನ ಬಿಜೈಯಲ್ಲಿ ಅವರ ಮನೆ. ಅಂಗಳದ ಒಂದು ಬದಿಗೆ ಮುರಕಲ್ಲಿನ ಕಂಪೌಂಡು, ಇನ್ನೊಂದು ಬದಿಗೆ ಮನೆಯ ಸಿಟೌಟು, ನಡುವೆ ಚೆಂಡೆಸೆಯಲು ಸಾಕಾಗುವಷ್ಟು ಉದ್ದದ ಸಿಮೆಂಟು ನೆಲ. ಕಂಪೌಂಡಿನ ಮೇಲೆ ಸೀಮೆಸುಣ್ಣದಲ್ಲಿ 5 ಮೀಟರ್ ಅಂತರಕ್ಕೆ ಎರಡು ಗೀಟು ಎಳೆದೆವು. ಸಿಟೌಟಿನಲ್ಲಿ ಸ್ಟೂಲಿಟ್ಟು, ಅದರ ಮೇಲೆ ಮೊಬೈಲನ್ನು ಪುಸ್ತಕಕ್ಕೆ ಒರಗಿಸಿ, ಸೆಕೆಂಡಿಗೆ 240 ಚಿತ್ರ ತೆಗೆಯುವ ಸ್ಲೋ ಮೋಷನ್‌ನಲ್ಲಿ ಹಾಕಿದೆವು. ಅವಳು ಎಸೆದಳು. ಆಮೇಲೆ ಇಬ್ಬರೂ ತಲೆಗೆ ತಲೆ ತಾಗಿಸಿ ಕೂತು, ಒಂದೊಂದೇ ಫ್ರೇಮ್ ಮುಂದೆ ತಳ್ಳುತ್ತ ಎಣಿಸಿದೆವು. ಮೊದಲ ಗೀಟಿನಿಂದ ಎರಡನೆಯದಕ್ಕೆ 48 ಫ್ರೇಮ್. ಅಂದರೆ ಸೆಕೆಂಡಿನ ಐದನೇ ಒಂದು ಭಾಗ. ಅಷ್ಟರಲ್ಲಿ 5 ಮೀಟರ್. ಸೆಕೆಂಡಿಗೆ 25 ಮೀಟರ್. ಗಂಟೆಗೆ 90 ಕಿಲೋಮೀಟರ್.

"ಮಾಮ, ತೊಂಬತ್ತು ಉಂಟು!" ಎಂದು ಕುಣಿದಳು. ಅಕ್ಕ ಒಳಗಿನಿಂದಲೇ "ಎಂತ ಅದು ತೊಂಬತ್ತು?" ಎಂದು ಕೇಳಿದಳು.

ಆ ರಾತ್ರಿ ನನಗೆ ಅನುಮಾನ ಶುರುವಾಯಿತು. ಎಣಿಕೆ ಸರಿ ಇತ್ತು, ಭಾಗಾಕಾರವೂ ಸರಿ ಇತ್ತು. ಆದರೆ ಚೆಂಡು ಗೋಡೆಗೆ ಅಂಟಿಕೊಂಡು ಹೋಗಿರಲಿಲ್ಲ. ಗೋಡೆಯಿಂದ ಒಂದು ಮೀಟರ್ ಈಚೆಗೆ ಹಾರಿತ್ತು. ಮೊಬೈಲಿನಿಂದ ಚೆಂಡಿನ ದಾರಿಗೆ 4 ಮೀಟರ್, ಗೋಡೆಗೆ 5 ಮೀಟರ್. ಒಂದು ಕಣ್ಣು ಮುಚ್ಚಿ, ಚಾಚಿದ ಕೈಯ ಹೆಬ್ಬೆರಳಿನಿಂದ ದೂರದ ತೆಂಗಿನಮರವನ್ನು ಮರೆಮಾಡಿ ನೋಡಿ. ಬೆರಳನ್ನು ನಾಲ್ಕಂಗುಲ ಸರಿಸಿದರೆ ಆಚೆ ಇಡೀ ತೋಟವೇ ದಾಟಿಹೋಗುತ್ತದೆ. ಹತ್ತಿರದ್ದು ಸ್ವಲ್ಪ ಸರಿದರೂ ಹಿನ್ನೆಲೆಯಲ್ಲಿ ಬಹಳ ಸರಿದಂತೆ ಕಾಣುತ್ತದೆ. ಹಾಗೆಯೇ ಚೆಂಡು ಗೋಡೆಯ ಮೇಲಿನ 5 ಮೀಟರನ್ನು ದಾಟಿದಂತೆ ಕಂಡಾಗ, ತನ್ನ ದಾರಿಯಲ್ಲಿ ಅದು ನಿಜವಾಗಿ ದಾಟಿದ್ದು ಐದರಲ್ಲಿ ನಾಲ್ಕು ಪಾಲು, 4 ಮೀಟರ್ ಮಾತ್ರ. 48 ಫ್ರೇಮಿನಲ್ಲಿ 4 ಮೀಟರ್ ಎಂದರೆ ಸೆಕೆಂಡಿಗೆ 20 ಮೀಟರ್, ಗಂಟೆಗೆ 72 ಕಿಲೋಮೀಟರ್.

ಮರುದಿನ ಇದನ್ನು ಅವಳಿಗೆ ಹೇಳುವುದು ನನಗೆ ಕಷ್ಟವಾಯಿತು. ಕೇಳಿ ಮುಖ ಸಣ್ಣಗೆ ಮಾಡಿಕೊಂಡಳು. ಸ್ವಲ್ಪ ಹೊತ್ತು ಬಿಟ್ಟು ತಾನೇ ಎದ್ದು ಹೋಗಿ, ಎರಡು ಹೂಕುಂಡಗಳಲ್ಲಿ ಒಂದೊಂದು ಕೋಲು ಊರಿ, ಅವನ್ನು ಚೆಂಡು ಹಾರುವ ದಾರಿಯ ಕೆಳಗೇ 4 ಮೀಟರ್ ಅಂತರಕ್ಕೆ ತಂದಿಟ್ಟಳು. ಚೆಂಡು ಈಗ ಕೋಲಿನ ತುದಿಯನ್ನು ಸವರಿಕೊಂಡು ಹೋಗಬೇಕು. ಅಳತೆಗೋಲು ಮತ್ತು ಅಳೆಯುವ ವಸ್ತು ಒಂದೇ ದೂರದಲ್ಲಿದ್ದರೆ ಈ ತಪ್ಪು ತಾನಾಗಿ ಹೋಗುತ್ತದೆ.

ಸಾಫ್ಟ್‌ಬಾಲ್ ನಮ್ಮ ಊರಿನವರಿಗೆ ಶಾಲೆಯ ಕ್ರೀಡಾಕೂಟದಲ್ಲಿ ಹೆಸರು ಕೇಳಿ ಗೊತ್ತಿರುವ ಆಟ. ಆದರೆ ಅದರ ಜೀವಾಳವಾದ ಎಸೆತ ಕರಾವಳಿಗೆ ಹೊಸದೇನಲ್ಲ. ಕೈಯನ್ನು ಕೆಳಗಿನಿಂದ ಬೀಸಿ ಚೆಂಡು ಬಿಡುವ ಅಂಡರ್‌ಆರ್ಮ್ ಕ್ರಿಕೆಟ್ ಪಂದ್ಯಾಟಗಳು ಮಂಗಳೂರು, ಉಡುಪಿ ಕಡೆ ಪ್ರತಿ ಬೇಸಿಗೆಯಲ್ಲೂ ನಡೆಯುತ್ತವೆ. ಕೊಯ್ಲಾದ ಗದ್ದೆಯಲ್ಲಿ, ಶಾಲೆಯ ಬಯಲಿನಲ್ಲಿ, ಹೊನಲು ಬೆಳಕಿನ ಕೆಳಗೆ ಟೆನಿಸ್ ಚೆಂಡಿನಲ್ಲಿ ಬೆಳಗಿನವರೆಗೂ ಆಡುವವರಿದ್ದಾರೆ. 1981ರ ಫೆಬ್ರವರಿ 1ರಂದು ಮೆಲ್ಬರ್ನ್‌ನಲ್ಲಿ ಆಸ್ಟ್ರೇಲಿಯಾದ ಟ್ರೆವರ್ ಚಾಪೆಲ್ ಪಂದ್ಯದ ಕೊನೆಯ ಚೆಂಡನ್ನು ನೆಲದ ಮೇಲೆ ಉರುಳಿಸಿದ ಮೇಲೆ ದೊಡ್ಡ ಕ್ರಿಕೆಟ್ ಈ ಎಸೆತವನ್ನು ಹೊರಗೆ ಹಾಕಿತು. ನಮ್ಮ ಗದ್ದೆಗಳಲ್ಲಿ ಅದು ಗೌರವದಿಂದಲೇ ಉಳಿದಿದೆ. ಆ ಕೈಗಳ ವೇಗವನ್ನೂ ತಿರುಗಣೆಯನ್ನೂ ಯಾರಾದರೂ ಕೂತು ಅಳೆಯಬೇಕು ಎಂದು ನನಗೆ ಬಹಳ ದಿನದ ಆಸೆ.

ಸಾಫ್ಟ್‌ಬಾಲಿನ ಎಸೆತದಲ್ಲಿ ತೋಳು ಗಾಳಿಗಿರಣಿಯ ರೆಕ್ಕೆಯಂತೆ ಒಂದು ಪೂರ್ತಿ ಸುತ್ತು ಹಾಕಿ ಸೊಂಟದ ಬಳಿ ಚೆಂಡನ್ನು ಬಿಡುತ್ತದೆ. ಇದು ಕವಣೆಯ ಲೆಕ್ಕ. ಹಗ್ಗದ ಬದಲು ತೋಳು, ಕಲ್ಲಿನ ಬದಲು ಚೆಂಡು. ಭುಜದಿಂದ ಅಂಗೈಗೆ 65 ಸೆಂಟಿಮೀಟರ್ ಎಂದಿಟ್ಟುಕೊಳ್ಳೋಣ. ಮಣಿಕಟ್ಟಿನ ಪಾಲನ್ನು ಬದಿಗಿಟ್ಟು ಲೆಕ್ಕ ಹಾಕಿದರೆ, ಚೆಂಡು ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಹೊರಡಲು ತೋಳು ಆ ಗಳಿಗೆಯಲ್ಲಿ ಸೆಕೆಂಡಿಗೆ 5 ಸುತ್ತಿನ ವೇಗದಲ್ಲಿ ತಿರುಗುತ್ತಿರಬೇಕು. ಹಾಗಾದರೆ ಸೆಕೆಂಡಿನ 240ನೇ ಒಂದು ಭಾಗದಲ್ಲಿ, ಅಂದರೆ ನಮ್ಮ ಮೊಬೈಲಿನ ಒಂದೇ ಫ್ರೇಮಿನಲ್ಲಿ, ತೋಳು 7 ಡಿಗ್ರಿಗೂ ಹೆಚ್ಚು ತಿರುಗಿರುತ್ತದೆ. ಬೆರಳು ಒಂದು ಫ್ರೇಮಿನಷ್ಟು ತಡವಾಗಿ ಬಿಟ್ಟರೆ, 10 ಮೀಟರ್ ಆಚೆ ಚೆಂಡು ಸುಮಾರು ಒಂದೂಕಾಲು ಮೀಟರ್ ಮೇಲೆ ಹೋಗುತ್ತದೆ. ಮೊಣಕಾಲಿಗೆ ಬರಬೇಕಾದದ್ದು ತಲೆಯ ಮೇಲೆ ಹಾರುತ್ತದೆ. ಹದಿಮೂರು ವರ್ಷದ ಹುಡುಗಿಯೊಬ್ಬಳು ಹತ್ತರಲ್ಲಿ ಏಳು ಚೆಂಡನ್ನು ಗೋಡೆಯ ಮೇಲಿನ ಚೌಕಕ್ಕೆ ಹೊಡೆಯುತ್ತಾಳೆ ಎಂದರೆ ಅವಳ ಬೆರಳಿಗೆ ಎಷ್ಟು ನಿಖರವಾದ ಗಡಿಯಾರ ಒಲಿದಿದೆ! ಈ ಲೆಕ್ಕ ಹಾಕಿದ ದಿನದಿಂದ ಅವಳ ಗುರಿ ತಪ್ಪಿದ ಎಸೆತಗಳನ್ನೂ ನಾನು ಬೇರೆ ಕಣ್ಣಿನಿಂದ ನೋಡುತ್ತೇನೆ.

ಈಗ ಮೊಬೈಲನ್ನೇ ಪರೀಕ್ಷೆಗೆ ಒಡ್ಡಬೇಕು. ಕೆಲವು ಮೊಬೈಲ್‌ಗಳು 240 ಎಂದು ಹೇಳಿಕೊಂಡು, ನಿಜಕ್ಕೂ ಅದಕ್ಕಿಂತ ಕಡಿಮೆ ಚಿತ್ರ ತೆಗೆಯುವುದುಂಟು. ಅದನ್ನು ಹಿಡಿಯಲು ಖರ್ಚಿಲ್ಲದ ಗಡಿಯಾರವೊಂದಿದೆ, ಗುರುತ್ವಾಕರ್ಷಣೆ. ನೆಲದಿಂದ 1 ಮೀಟರ್ 22 ಸೆಂಟಿಮೀಟರ್ ಎತ್ತರದಿಂದ ಕೈಬಿಟ್ಟ ಚೆಂಡು ನೆಲ ಮುಟ್ಟಲು ಅರ್ಧ ಸೆಕೆಂಡು ಬೇಕು. ಮಂಗಳೂರಿನಲ್ಲೂ ಅಷ್ಟೆ, ಮಡಿಕೇರಿಯಲ್ಲೂ ಹೆಚ್ಚುಕಡಿಮೆ ಅಷ್ಟೆ. ಫ್ರೇಮ್ ಎಣಿಸಿದರೆ 120 ಬರಬೇಕು. ಒಂದೆರಡು ಅತ್ತಿತ್ತ ಆದರೆ ಚಿಂತೆಯಿಲ್ಲ. ಹತ್ತು ವ್ಯತ್ಯಾಸ ಬಂದರೆ ಆ ಮೊಬೈಲಿನ ಮಾತು ನಂಬಬಾರದು.

ಒಳ್ಳೆಯ ಮೊಬೈಲಿಗೂ ಒಂದು ಮಿತಿ ಇದ್ದೇ ಇದೆ. 48 ಫ್ರೇಮಿನಲ್ಲಿ ಒಂದು ಫ್ರೇಮ್ ಹೆಚ್ಚುಕಡಿಮೆಯಾದರೆ ನೂರಕ್ಕೆ ಎರಡು ಪಾಲು ತಪ್ಪು, ಅಂದರೆ 72ರಲ್ಲಿ ಒಂದೂವರೆ ಕಿಲೋಮೀಟರ್. ಆದ್ದರಿಂದ ಕ್ಯಾಲ್ಕುಲೇಟರ್ 71.83 ಎಂದು ತೋರಿಸಿದರೆ ಆ ದಶಮಾಂಶಕ್ಕೆ ಅರ್ಥವಿಲ್ಲ. 72 ಎಂದು ಬರೆದು ಮುಂದೆ ಹೋಗಬೇಕು. ಮಾಮೂಲಿ ವಿಡಿಯೋದಲ್ಲಿ ಸೆಕೆಂಡಿಗೆ 30 ಚಿತ್ರ ಮಾತ್ರ. ಅಷ್ಟೇ ದೂರಕ್ಕೆ ಆರೇ ಫ್ರೇಮ್ ಸಿಗುತ್ತವೆ. ಅದರಲ್ಲಿ ಒಂದು ತಪ್ಪಿದರೆ 12 ಕಿಲೋಮೀಟರ್ ಹೋಯಿತು. ಜೂನ್, ಜುಲೈಯಲ್ಲಿ ಇನ್ನೊಂದು ತೊಂದರೆ. ಮೋಡ ಕವಿದ ಸಂಜೆ ಬೆಳಕು ಸಾಲದೆ ಕ್ಯಾಮೆರಾ ತನ್ನ ಕಿಂಡಿಯನ್ನು ಹೆಚ್ಚು ಹೊತ್ತು ತೆರೆದಿಡುತ್ತದೆ. ಸೆಕೆಂಡಿನ 250ನೇ ಭಾಗದಷ್ಟು ತೆರೆದಿಟ್ಟರೂ ಚೆಂಡು ಅಷ್ಟರಲ್ಲಿ 8 ಸೆಂಟಿಮೀಟರ್ ಸರಿದು, ದುಂಡಗಿರಬೇಕಾದದ್ದು ಮೊಟ್ಟೆಯಂತೆ ಉದ್ದವಾಗಿ ಮೂಡುತ್ತದೆ. ಆಗ ಅದರ ಮುಂಭಾಗದ ಅಂಚನ್ನೇ ಎರಡೂ ಕೋಲಿನ ಹತ್ತಿರ ಗುರುತು ಹಿಡಿಯಬೇಕು. ಒಂದು ಕಡೆ ಮುಂಭಾಗ, ಇನ್ನೊಂದು ಕಡೆ ನಡುಭಾಗ ಹಿಡಿದರೆ ಕೆಟ್ಟಿತು.

ಬೆಳಕಿಲ್ಲದಿದ್ದರೆ ಕಿವಿ ಉಂಟು. ಜರ್ಮನಿಯ ಆಖೆನ್ ತಾಂತ್ರಿಕ ವಿಶ್ವವಿದ್ಯಾಲಯದವರು ಮಾಡಿರುವ ಫೈಫಾಕ್ಸ್ ಎಂಬ ಉಚಿತ ಆ್ಯಪ್‌ನಲ್ಲಿ ಎರಡು ಸದ್ದುಗಳ ನಡುವಿನ ಸಮಯ ಅಳೆಯುವ ಸ್ಟಾಪ್‌ವಾಚ್ ಇದೆ. ಚೆಂಡು ನೆಲಕ್ಕೆ ಬಡಿದ 'ಟಪ್', ಗೋಡೆಗೆ ಬಡಿದ 'ಟಪ್'. ಚೆಂಡನ್ನು ಒದ್ದೆ ಮಾಡಿ ಎಸೆದರೆ ಸಿಮೆಂಟಿನ ಮೇಲೆ ಅದು ಬಿದ್ದ ಜಾಗದ ಗುರುತೂ ಸಿಗುತ್ತದೆ. ಟೇಪು ಹಿಡಿದು ದೂರ ಅಳೆಯಬಹುದು. ಆದರೆ ಸದ್ದು ಕೂಡ ನಡೆದುಕೊಂಡೇ ಬರಬೇಕಲ್ಲ! 30 ಡಿಗ್ರಿ ಸೆಖೆಯಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 349 ಮೀಟರ್. ಮೊಬೈಲನ್ನು ಗೋಡೆಯ ಬುಡದಲ್ಲಿಟ್ಟರೆ ಗೋಡೆಯ ಸದ್ದು ತಕ್ಷಣ ಕೇಳುತ್ತದೆ, 3 ಮೀಟರ್ ಆಚೆಯ ನೆಲದ ಸದ್ದು ತಡವಾಗಿ ಮುಟ್ಟುತ್ತದೆ. ನಡುವಿನ ಸಮಯ ಕುಗ್ಗಿ, ಚೆಂಡಿಗೆ ಇಲ್ಲದ ವೇಗ ಬರುತ್ತದೆ. ಎರಡೂ ಜಾಗಕ್ಕೆ ಸಮಾನ ದೂರದಲ್ಲಿ ಮೊಬೈಲ್ ಇಟ್ಟರೆ ಎರಡು ಸದ್ದೂ ಒಂದೇ ರೀತಿ ತಡವಾಗುವುದರಿಂದ ತಪ್ಪು ತಪ್ಪನ್ನೇ ನುಂಗುತ್ತದೆ. ಅಳತೆಯ ವಿದ್ಯೆಯಲ್ಲಿ ನನಗೆ ಅತಿ ಪ್ರೀತಿಯ ಉಪಾಯ ಇದು.

"ಸ್ಪೀಡ್ ಗನ್ ತಂದ್ರೆ ಆಯ್ತಲ್ಲ ಮಾಮ, ಇಷ್ಟೆಲ್ಲ ಎಂತಕ್ಕೆ?" ಎಂದು ಕೇಳಿದಳು.

ಸ್ಪೀಡ್ ಗನ್ ಕೇಳುವುದು ಅಲೆಯನ್ನು. ಅದನ್ನು ಅರಿಯಲು ಮಂಗಳೂರು–ಉಡುಪಿ ಹೆದ್ದಾರಿಯ ಬದಿಯಲ್ಲಿ ನಿಂತರೆ ಸಾಕು. ಹಾರ್ನ್ ಒತ್ತಿ ಹಿಡಿದೇ ಬರುವ ಎಕ್ಸ್‌ಪ್ರೆಸ್ ಬಸ್ಸು ನಮ್ಮನ್ನು ದಾಟುವ ಗಳಿಗೆಯಲ್ಲಿ ಅದರ ಸ್ವರ ಕುಸಿಯುತ್ತದೆ. ಬಸ್ಸು 75 ಕಿಲೋಮೀಟರ್ ವೇಗದಲ್ಲಿದ್ದರೆ ಆ ಕುಸಿತ ಹೆಚ್ಚುಕಡಿಮೆ ಚತುಶ್ರುತಿ ರಿಷಭದಿಂದ ಷಡ್ಜಕ್ಕೆ ಇಳಿದಷ್ಟು. ಸಂಗೀತ ಕಲಿತ ಕಿವಿಯವರು ರಸ್ತೆ ಬದಿ ನಿಂತೇ ಬಸ್ಸಿನ ವೇಗ ಹೇಳಿಬಿಡಬಹುದು. ಕ್ರಿಶ್ಚಿಯನ್ ಡಾಪ್ಲರ್ 1842ರಲ್ಲಿ ಈ ನಿಯಮವನ್ನು ಮುಂದಿಟ್ಟ. ಮೂರು ವರ್ಷದ ಮೇಲೆ ನೆದರ್ಲ್ಯಾಂಡ್ಸ್‌ನ ಬೈಸ್ ಬ್ಯಾಲೊ ರೈಲಿನಲ್ಲಿ ತುತ್ತೂರಿ ಊದುವವರನ್ನು ಕೂರಿಸಿ, ಹಳಿಯ ಬದಿಯಲ್ಲಿ ಸ್ವರಜ್ಞಾನವಿದ್ದವರನ್ನು ನಿಲ್ಲಿಸಿ ಅದನ್ನು ಪರೀಕ್ಷಿಸಿದ.

ಗನ್ನು ಸದ್ದಿನ ಬದಲು ರೇಡಿಯೋ ಅಲೆ ಬಿಡುತ್ತದೆ. ಸಾಮಾನ್ಯವಾಗಿ ಬಳಸುವ ಒಂದು ಪಟ್ಟಿಯಲ್ಲಿ ಸೆಕೆಂಡಿಗೆ ಸುಮಾರು 2400 ಕೋಟಿ ಕಂಪನ. ಎದುರು ಬರುವ ಚೆಂಡಿಗೆ ತಾಗಿ ಮರಳಿದ ಅಲೆಯಲ್ಲಿ ಕಂಪನ ತುಸು ಹೆಚ್ಚಿರುತ್ತದೆ. ಚೆಂಡು ಸೆಕೆಂಡಿಗೆ 20 ಮೀಟರ್ ವೇಗದಲ್ಲಿದ್ದರೆ ಆ ಹೆಚ್ಚಳ 3200 ಕಂಪನ. 2400 ಕೋಟಿಯಲ್ಲಿ 3200! ಹೋದ ಅಲೆಯನ್ನೂ ಬಂದ ಅಲೆಯನ್ನೂ ಒಟ್ಟಿಗೆ ಬೆರೆಸಿದರೆ ವ್ಯತ್ಯಾಸ ಮಾತ್ರ ಮೇಲೆ ತೇಲುತ್ತದೆ. ಸ್ಪೀಕರಿಗೆ ಕೊಟ್ಟರೆ ಅದು ನಮ್ಮ ಕಿವಿಗೇ ಕೇಳುವ ತೀಕ್ಷ್ಣ ಶಿಳ್ಳೆ. ಚೆಂಡಿನ ವೇಗ ಹೀಗೆ ಒಂದು ಸ್ವರವಾಗಿಬಿಡುತ್ತದೆ. ಸಾಮಾನ್ಯ ಮೊಬೈಲಿನಲ್ಲಿ ಇಂಥ ರಾಡಾರ್ ಇರುವುದಿಲ್ಲ. ವೇಗ ಹೇಳುವ ಆ್ಯಪ್‌ಗಳು ಒಳಗೆ ಮಾಡುವುದು ನಾವು ಕೈಯಲ್ಲಿ ಮಾಡಿದ ಫ್ರೇಮ್ ಎಣಿಕೆಯನ್ನೇ.

ಗನ್ನಿಗೂ ನಿಲ್ಲುವ ಜಾಗ ಮುಖ್ಯ. ಅದು ತನ್ನತ್ತ ಬರುವ ವೇಗವನ್ನಷ್ಟೇ ಕಾಣಬಲ್ಲದು. ಚೆಂಡಿನ ದಾರಿಗೆ 10 ಡಿಗ್ರಿ ಓರೆಯಾಗಿ ಹಿಡಿದರೆ ನೂರಕ್ಕೆ ಒಂದೂವರೆ ಪಾಲು, 20 ಡಿಗ್ರಿಗೆ 6 ಪಾಲು, 30 ಡಿಗ್ರಿಗೆ 13 ಪಾಲು ಕಡಿಮೆ ತೋರಿಸುತ್ತದೆ. ಬದಿಯಲ್ಲಿ ನಿಂತು ಅಳೆದ ಪೋಷಕರು ಮಗುವಿಗೆ ಅನ್ಯಾಯ ಮಾಡಿರುತ್ತಾರೆ. ಗೋಡೆಯ ಗೀಟಿನಿಂದ ಆಗುವ ತಪ್ಪು ಏರಿಸಿ ಹೇಳುತ್ತದೆ, ಗನ್ನಿನ ಓರೆಯಿಂದ ಆಗುವ ತಪ್ಪು ಯಾವತ್ತೂ ಇಳಿಸಿಯೇ ಹೇಳುತ್ತದೆ.

ಎಲ್ಲ ಸರಿಯಾಗಿ ಮಾಡಿದರೂ ಗನ್ನು ಮತ್ತು ಫ್ರೇಮ್ ಒಪ್ಪದಿರುವ ಸಂದರ್ಭ ಬರುತ್ತದೆ, ಆಗ ಎರಡೂ ಸರಿ ಇರಬಹುದು. ನಾವು ಎಸೆಯುವ ಟೆನಿಸ್ ಚೆಂಡಿನ ತೂಕ 58 ಗ್ರಾಂ ಆಸುಪಾಸು, ಮೈ ತುಂಬ ರೋಮ. ಗಾಳಿ ಅದನ್ನು ಬಲವಾಗಿ ಹಿಡಿದೆಳೆಯುತ್ತದೆ. ಕೈಬಿಟ್ಟಾಗ 72 ಇದ್ದ ವೇಗ 10 ಮೀಟರ್ ದಾಟುವಷ್ಟರಲ್ಲಿ 59ರ ಹತ್ತಿರಕ್ಕೆ ಇಳಿಯುತ್ತದೆ ಎನ್ನುತ್ತದೆ ಲೆಕ್ಕ. ಆ 10 ಮೀಟರಿನ ಸರಾಸರಿ 65. ಗನ್ನು ಸಾಮಾನ್ಯವಾಗಿ ಅತಿ ಹೆಚ್ಚಿನದನ್ನು, ಅಂದರೆ ಕೈಬಿಟ್ಟ ಗಳಿಗೆಯದನ್ನು ಹಿಡಿದು 72 ಎನ್ನುತ್ತದೆ. ಉದ್ದಕ್ಕೂ ಫ್ರೇಮ್ ಎಣಿಸಿದವರು 65 ಎನ್ನುತ್ತಾರೆ. ಬ್ಯಾಟು ಹಿಡಿದು ನಿಂತವಳಿಗೆ ಬಂದು ತಲುಪುವುದು 59. ಮೂರೂ ನಿಜವೇ. 190 ಗ್ರಾಂ ತೂಗುವ ನಿಜವಾದ ಸಾಫ್ಟ್‌ಬಾಲಿಗೆ ಈ ಇಳಿಕೆ ಅಷ್ಟಿಲ್ಲ, ಅಷ್ಟು ದೂರಕ್ಕೆ ನೂರಕ್ಕೆ ಹತ್ತರ ಆಸುಪಾಸು. (ಹೆಸರು ಸಾಫ್ಟ್ ಆದರೂ ಅದು ಗಟ್ಟಿ ಚೆಂಡು. ಅಂಗಳದಲ್ಲಿ ಎಸೆದರೆ ಪಕ್ಕದ ಮನೆಯ ಹಂಚು ಉಳಿಯುವುದಿಲ್ಲವೆಂದು ಅಕ್ಕ ಮೊದಲೇ ಕಟ್ಟಪ್ಪಣೆ ಮಾಡಿದ್ದಳು.)

ಮಳೆಗಾಲದ ಗಾಳಿ 'ಭಾರ', ಚೆಂಡು ಓಡುವುದಿಲ್ಲ ಎಂದು ಆಟಗಾರರು ಹೇಳುವುದುಂಟು. ನೀರಿನ ಅಣು ಸಾರಜನಕ, ಆಮ್ಲಜನಕದ ಅಣುಗಳಿಗಿಂತ ಹಗುರ. ಆದ್ದರಿಂದ ತೇವದ ಗಾಳಿ ಒಣ ಗಾಳಿಗಿಂತ ನೂರಕ್ಕೆ ಒಂದು ಪಾಲಿನಷ್ಟು ಹಗುರವೇ. ಭಾರವಾಗುವುದು ನೀರು ಕುಡಿದ ಚೆಂಡು. ಗಾಳಿಯಲ್ಲಿ ಗಮನಕ್ಕೆ ಬರುವಂಥ ವ್ಯತ್ಯಾಸ ಬೇಕೆಂದರೆ ಘಟ್ಟ ಹತ್ತಬೇಕು. ಸಮುದ್ರಮಟ್ಟದಿಂದ 900 ಮೀಟರ್ ಮೇಲಿರುವ ಬೆಂಗಳೂರಿನ ಗಾಳಿ ಮಂಗಳೂರಿನದಕ್ಕಿಂತ ನೂರಕ್ಕೆ ಹತ್ತರ ಹತ್ತಿರ ತೆಳು. ಅಲ್ಲಿ ಅದೇ ಕೈಯ ಅದೇ ಎಸೆತ ಸ್ವಲ್ಪ ಹೆಚ್ಚಿನ ವೇಗದಲ್ಲೇ ತಲುಪುತ್ತದೆ. ತಿರುಗುವ ಚೆಂಡು ಬಾಗುವುದು ಮಾತ್ರ ತುಸು ಕಡಿಮೆ.

ಬಾಗುವ ಮಾತು ಬಂತು, ತಿರುಗಣೆಗೆ ಬರೋಣ. ಮಂಗಳೂರಿನ ಪಕ್ಕದ ಮುಲ್ಕಿಯಲ್ಲಿ ಹುಟ್ಟಿದ ಬುಧಿ ಕುಂದರನ್ ಭಾರತ ತಂಡದ ವಿಕೆಟ್ ಕೀಪರ್ ಆಗಿದ್ದವರು. 1967ರಲ್ಲಿ ಬರ್ಮಿಂಗ್‌ಹ್ಯಾಮ್ ಟೆಸ್ಟ್‌ನಲ್ಲಿ ಬೇಡಿ, ಪ್ರಸನ್ನ, ಚಂದ್ರಶೇಖರ್, ವೆಂಕಟರಾಘವನ್ ನಾಲ್ವರೂ ಸ್ಪಿನ್ನರ್‌ಗಳು ಒಟ್ಟಿಗೆ ಆಡಿದರು. ಹೊಸ ಚೆಂಡು ಹಿಡಿಯಲು ಜನ ಸಾಲದೆ ಕುಂದರನ್ ಬೌಲಿಂಗ್ ಆರಂಭಿಸಿದರು. ಯಾವ ಬಗೆಯ ಬೌಲಿಂಗ್ ಎಂದು ನಾಯಕ ಪಟೌಡಿ ಕೇಳಿದಾಗ ತನಗೇ ಗೊತ್ತಿಲ್ಲ ಎಂದರಂತೆ. ಆ ನಾಲ್ವರ ಬೆರಳಿನಿಂದ ಹೊರಟ ಚೆಂಡು ಸೆಕೆಂಡಿಗೆ ಎಷ್ಟು ಸುತ್ತುತ್ತಿತ್ತು? ಆಗ ಯಾರೂ ಅಳೆಯಲಿಲ್ಲ. ಪೋಲಿಯೋದಿಂದ ಬಡವಾದ ಕೈಯಲ್ಲೇ 242 ಟೆಸ್ಟ್ ವಿಕೆಟ್ ಪಡೆದ ಚಂದ್ರಶೇಖರ್ ಅವರ ಆ ವೇಗದ ಗೂಗ್ಲಿಯ ಒಂದೇ ಒಂದು ಸುತ್ತಿನ ಲೆಕ್ಕ ನಮ್ಮ ಬಳಿ ಇಲ್ಲವಲ್ಲ ಎಂದು ನನಗೆ ಇವತ್ತಿಗೂ ನೋವು. ಈಗ ಆ ಕೆಲಸ ಒಂದು ಮಾರ್ಕರ್ ಪೆನ್ನಿನಿಂದ ಆಗುತ್ತದೆ.

ಚೆಂಡಿನ ಸುತ್ತ ಕಪ್ಪು ಪಟ್ಟಿ ಎಳೆದೆವು. ಸ್ಲೋ ಮೋಷನ್‌ನಲ್ಲಿ ಪಟ್ಟಿ ಮತ್ತೆ ಮೊದಲಿನ ಸ್ಥಿತಿಗೆ ಬರಲು ಎಷ್ಟು ಫ್ರೇಮ್ ಎಂದು ಎಣಿಸಿದರೆ 8 ಬಂತು. 240ನ್ನು 8ರಿಂದ ಭಾಗಿಸಿದರೆ ಸೆಕೆಂಡಿಗೆ 30 ಸುತ್ತು. ಇಷ್ಟು ಹೊತ್ತಿಗೆ ಅವಳಿಗೇ ಅನುಮಾನಿಸುವ ಅಭ್ಯಾಸ ಆಗಿತ್ತು. ಚೆಂಡನ್ನು ಕೈಯಲ್ಲಿ ಹಿಡಿದು ನಿಧಾನಕ್ಕೆ ತಿರುಗಿಸಿ ನೋಡಿದಳು. "ಅರ್ಧ ಸುತ್ತಿಗೂ ಪಟ್ಟಿ ಹಾಗೇ ಕಾಣ್ತದೆ ಮಾಮ." ಹೌದು, ಉಂಗುರಕ್ಕೆ ಮುಂದೆ ಹಿಂದೆ ಎಂಬುದಿಲ್ಲ. ಉಂಗುರದ ಅರ್ಧವನ್ನು ಕೆಂಪು ಮಾಡಿ ಮತ್ತೆ ಎಸೆದಾಗ 15 ಫ್ರೇಮ್ ಬಂತು. ಸೆಕೆಂಡಿಗೆ 16 ಸುತ್ತು, ನಿಮಿಷಕ್ಕೆ 960. ಹಳೆಯ ಸಿನಿಮಾಗಳಲ್ಲಿ ಕುದುರೆಗಾಡಿ ಮುಂದೆ ಓಡುತ್ತಿದ್ದರೂ ಚಕ್ರ ಹಿಂದಕ್ಕೆ ತಿರುಗುವುದನ್ನು ಕಂಡಿದ್ದೀರಲ್ಲ, ಅದೂ ಇದೇ ಜಾತಿಯ ಮೋಸ. ನಮ್ಮ ಚೆಂಡನ್ನು ಮಾಮೂಲಿ ವಿಡಿಯೋದಲ್ಲಿ ತೆಗೆದಿದ್ದರೆ ಒಂದು ಫ್ರೇಮಿನಿಂದ ಇನ್ನೊಂದಕ್ಕೆ ಅದು 192 ಡಿಗ್ರಿ ತಿರುಗಿರುತ್ತಿತ್ತು. ಕಣ್ಣಿಗೆ ಅದು ಹಿಂದಕ್ಕೆ 168 ಡಿಗ್ರಿ ತಿರುಗಿದಂತೆ ಕಾಣುತ್ತಿತ್ತು.

ತಿರುಗುವ ಚೆಂಡು ಗಾಳಿಯಲ್ಲಿ ಬಾಗುತ್ತದೆ ಎಂಬುದನ್ನು ನ್ಯೂಟನ್ 1672ರ ತನ್ನ ಬೆಳಕಿನ ಪತ್ರದಲ್ಲೇ ಟೆನಿಸ್ ಚೆಂಡಿನ ಉದಾಹರಣೆಯೊಂದಿಗೆ ಹೇಳಿದ್ದ. ಹೆಸರು ಬಂದದ್ದು ಆಮೇಲಿನ ಜರ್ಮನ್ ವಿಜ್ಞಾನಿ ಮ್ಯಾಗ್ನಸ್‌ಗೆ. ಚೆಂಡು ತನ್ನ ಹಿಂದಿನ ಗಾಳಿಯನ್ನು ಒಂದು ಬದಿಗೆ ತಳ್ಳುತ್ತದೆ, ಗಾಳಿ ಅದನ್ನು ಇನ್ನೊಂದು ಬದಿಗೆ ತಳ್ಳುತ್ತದೆ. ಟೆನಿಸ್ ಚೆಂಡು 72 ಕಿಲೋಮೀಟರ್ ವೇಗದಲ್ಲಿ ಸೆಕೆಂಡಿಗೆ 20 ಸುತ್ತು ಹಾಕಿದರೆ ಈ ತಳ್ಳು ಅದರ ತೂಕದ ಕಾಲು ಭಾಗಕ್ಕಿಂತ ತುಸು ಹೆಚ್ಚು. ಅರ್ಧ ಸೆಕೆಂಡಿನ ಹಾರಾಟದಲ್ಲಿ ಒಂದೂವರೆ ಗೇಣು ಬಾಗಲು ಅಷ್ಟು ಸಾಕು.

ಕೈಯ ಮೇಲಿನಿಂದ ಎಸೆಯುವಾಗ ಬೆರಳು ಚೆಂಡಿನ ಬೆನ್ನ ಮೇಲೆ ಕೆಳಮುಖವಾಗಿ ಜಾರುತ್ತದೆ. ಚೆಂಡು ಹಿಮ್ಮುಖ ತಿರುಗಿ ಗಾಳಿಯಲ್ಲಿ ತುಸು ನಿಲ್ಲುತ್ತದೆ. ಕೆಳಗಿನಿಂದ ಎಸೆಯುವಾಗ ಅದೇ ಬೆರಳು ಬೆನ್ನ ಮೇಲೆ ಮೇಲ್ಮುಖವಾಗಿ ಜಾರುವುದರಿಂದ ಚೆಂಡು ಮುಮ್ಮುಖ ತಿರುಗಿ ಬೇಗ ಇಳಿಯುತ್ತದೆ. ಕರಾವಳಿಯ ಅಂಡರ್‌ಆರ್ಮ್ ಕೈಗಳಿಗೆ ಇಳಿಯುವ ಚೆಂಡು ಸಹಜವಾಗಿ ಒಲಿಯುವುದು ಇದಕ್ಕೇ ಇರಬೇಕು. ಸಾಫ್ಟ್‌ಬಾಲಿನಲ್ಲಿ 'ರೈಸ್ ಬಾಲ್' ಎಂದು ಹೆಸರಾದ ಎಸೆತಕ್ಕೆ ಬಾಗಿಲ ಗುಂಡುಹಿಡಿ ತಿರುಗಿಸುವಂತೆ ಮಣಿಕಟ್ಟು ತಿರುಚಿ ಹಿಮ್ಮುಖ ತಿರುಗಣೆ ಕೊಡಬೇಕು. ಅದು ಬ್ಯಾಟಿನ ಹತ್ತಿರ ಬಂದು ಮೇಲಕ್ಕೆ ಜಿಗಿಯುತ್ತದೆ ಎಂದು ಆಡುವವರು ಆಣೆ ಇಟ್ಟು ಹೇಳುತ್ತಾರೆ. ಲೆಕ್ಕ ಒಪ್ಪುವುದಿಲ್ಲ. ಸೆಕೆಂಡಿಗೆ 20 ಸುತ್ತಿನ ಸಾಫ್ಟ್‌ಬಾಲಿಗೆ ಸಿಗುವ ಎತ್ತುಬಲ ಅದರ ತೂಕದ ಮೂರನೇ ಒಂದು ಭಾಗದಷ್ಟು. ಮೂರು ಪಾಲು ತೂಕವನ್ನು ಒಂದು ಪಾಲು ಬಲ ಎತ್ತಲಾರದು. ಸೊಂಟದ ಕೆಳಗಿನಿಂದ ಮೇಲ್ಮುಖವಾಗಿ ಹೊರಟ ಚೆಂಡು, ಇಳಿಯಬೇಕಾದಷ್ಟು ಇಳಿಯದೆ ಬರುತ್ತದೆ. ಕಣ್ಣು ಕಾದಿದ್ದ ಜಾಗಕ್ಕಿಂತ ಒಂದು ಗೇಣಿಗೂ ಹೆಚ್ಚು ಮೇಲೆ ಬಂದಾಗ ಜಿಗಿದಂತೆ ಕಾಣುತ್ತದೆ. 2012ರಲ್ಲಿ ಗಂಟೆಗೆ 124 ಕಿಲೋಮೀಟರ್ ಎಸೆದು ದಾಖಲೆ ಮಾಡಿದ ಅಮೆರಿಕದ ಮೋನಿಕಾ ಅಬಟ್ ಅವರ ಚೆಂಡು ಕೈಬಿಟ್ಟು ಬ್ಯಾಟು ಮುಟ್ಟಲು ಸೆಕೆಂಡಿನ ಮೂರನೇ ಒಂದು ಭಾಗ ಸಾಕು. ಅಷ್ಟರಲ್ಲಿ ಕಣ್ಣು ನೋಡುವುದಕ್ಕಿಂತ ಊಹಿಸುವುದೇ ಹೆಚ್ಚು.

ತಿರುಗಣೆಯ ಸಂಖ್ಯೆಯೊಂದೇ ಸಾಲದು ಎಂಬುದಕ್ಕೆ ನಮ್ಮ ವಿಡಿಯೋದಲ್ಲೇ ಸಾಕ್ಷಿ ಸಿಕ್ಕಿತು. ಅವಳು ರೈಸ್ ಬಾಲ್ ಎಂದುಕೊಂಡು ಎಸೆದ ಒಂದರಲ್ಲಿ ಪಟ್ಟಿ ಕ್ಯಾಮೆರಾಗೆ ಚಕ್ರದಂತೆ ಉರುಳಿ ಕಾಣಲಿಲ್ಲ. ಬೈರಿಗೆಯಂತೆ ಹಾರುವ ದಿಕ್ಕಿನ ಸುತ್ತಲೇ ಕೊರೆಯುತ್ತ ಹೋಯಿತು. ಸುತ್ತು ಅಷ್ಟೇ ಇದ್ದರೂ ಅಚ್ಚು ಹಾರುವ ದಿಕ್ಕಿಗೇ ನೆಟ್ಟಗಿದ್ದರೆ ಗಾಳಿಗೆ ತಳ್ಳಲು ಬದಿಯೇ ಸಿಗುವುದಿಲ್ಲ. ತಿರುಗಣೆಯ ಬಲದಿಂದ ಚೆಂಡು ಏರದು, ಇಳಿಯದು, ಬಾಗದು. ಅವಳು ಆ ಚಿತ್ರವನ್ನು ಹತ್ತು ಸಲ ಹಿಂದೆ ಮುಂದೆ ಮಾಡಿ ನೋಡಿ, ಚೆಂಡಿಲ್ಲದ ಕೈಯಲ್ಲಿ ಮಣಿಕಟ್ಟು ತಿರುಚುತ್ತ ಅಂಗಳಕ್ಕೆ ಇಳಿದಳು.

ಈಗ ಅವಳ ನೋಟ್‌ಬುಕ್ಕಿನಲ್ಲಿ ವೇಗದ ಕಾಲಂ ಒಂದೇ ಇಲ್ಲ. ಯಾವ ಚೆಂಡು, ಮೊಬೈಲ್ ಎಲ್ಲಿತ್ತು, ಎಲ್ಲಿಂದ ಎಲ್ಲಿಗೆ ಎಣಿಸಿದ್ದು, ಅಚ್ಚು ಯಾವ ಕಡೆಗೆ, ಎಲ್ಲಕ್ಕೂ ಒಂದೊಂದು ಗೆರೆ ಎಳೆದುಕೊಂಡಿದ್ದಾಳೆ. ಮೊದಲ ದಿನದ 90ನ್ನು ಹೊಡೆದು ಹಾಕಿಲ್ಲ, ಪಕ್ಕದಲ್ಲಿ 'ಗೋಡೆಯ ಗೀಟು' ಎಂದು ಬರೆದಿದ್ದಾಳೆ. ಅದರ ಕೆಳಗೆ '72, ಕೋಲಿನಿಂದ ಕೋಲಿಗೆ, ಒಣ ಚೆಂಡು.'

ಕಳೆದ ವಾರ ಹೋದಾಗ ಮಳೆ ಆಗಷ್ಟೇ ಬಿಟ್ಟಿತ್ತು. ಅವಳು ಮಾಡಿನ ನೀರು ತುಂಬಿದ ಬಾಲ್ದಿಯಲ್ಲಿ ಟೆನಿಸ್ ಚೆಂಡನ್ನು ಅದ್ದಿ ಹಿಡಿದು ಕೂತಿದ್ದಳು. ಪಕ್ಕದಲ್ಲಿ ಅಡುಗೆಮನೆಯ ತಕ್ಕಡಿ.

"ನೂರಕ್ಕೆ ಎಣಿಸ್ತಾ ಇದ್ದೇನೆ ಮಾಮ, ಮಾತಾಡ್ಸಬೇಡಿ."